ಹೂಂ ಅಂದವರ ಖಾನೆ

ನಮ್ಮ ಕಚೇರಿಯ ಫ್ಯಾನು ಈಗಲೂ ತಿರುಗುವಾಗ ಕಿರ್ರೆನ್ನುತ್ತದೆ. ಅದೇ ಫ್ಯಾನಿನ ಕೆಳಗೆ ಚಾಪೆ ಹಾಸಿ, ರಜೆಯ ಮಧ್ಯಾಹ್ನಗಳಲ್ಲಿ ಅಜ್ಜಿ ನನಗೆ ಕಥೆ ಹೇಳುತ್ತಿದ್ದಳು. ಕೆಳಗಿನ ಅಂಗಡಿಯಲ್ಲಿ ದರ್ಜಿಯ ಮಷೀನು ಟಕಟಕ ಓಡುತ್ತಿರುತ್ತಿತ್ತು. ಅಜ್ಜಿ ಹೋದ ಮೇಲೆ ಚಿಕ್ಕಪ್ಪ ಈ ಕೋಣೆಗೆ ಎರಡು ಮೇಜು, ಎರಡು ಕಂಪ್ಯೂಟರು ತಂದಿಟ್ಟು, ‘ಇದೇ ಕಚೇರಿ’ ಎಂದುಬಿಟ್ಟ. ಫ್ಯಾನನ್ನು ಮಾತ್ರ ಬದಲಿಸಲಿಲ್ಲ.

ಅಜ್ಜಿಯ ಕಥೆಗೊಂದು ಕಟ್ಟಳೆಯಿತ್ತು. ಮಾತಿಗೊಮ್ಮೆ ನಾನು ‘ಹೂಂ’ ಅನ್ನಬೇಕು. ಅನ್ನದಿದ್ದರೆ ಕಥೆ ಅಲ್ಲೇ ನಿಲ್ಲುತ್ತಿತ್ತು.

“ಕಥೆಗೆ ಕಾಲಿಲ್ಲ ಕಣೇ ಗುಬ್ಬಿ. ನಿನ್ನ ಹೂಂ ಮೇಲೇ ಅದು ನಡೆಯೋದು,” ಅನ್ನುತ್ತಿದ್ದಳು.

ಗಾಳಿ ಮಲಗುವ ಮನೆಯನ್ನು ಹುಡುಕಿ ಹೊರಟ ಹುಡುಗಿಯ ಕಥೆಯೆಂದರೆ ನನಗೆ ಪ್ರಾಣ. ಆದರೆ ಆ ಹುಡುಗಿ ಕೊನೆಯ ಬಾಗಿಲು ತಟ್ಟುವಷ್ಟರಲ್ಲಿ ನನಗೆ ನಿದ್ದೆ ಬಂದಿರುತ್ತಿತ್ತು. ಎದ್ದು ಕೇಳಿದರೆ, “ಹೂಂ ಅನ್ನೋಳೇ ಗೊರಕೆ ಹೊಡೀತಿದ್ರೆ ನಾನು ಗೋಡೆಗೆ ಹೇಳ್ಲಾ? ಅಲ್ಲೇ ಬಿಟ್ಟೆ,” ಎಂದು ನಗುತ್ತಿದ್ದಳು. ಹಾಗಾಗಿ ಆ ಹುಡುಗಿ ನನ್ನ ಪಾಲಿಗೆ ಈಗಲೂ ಬಾಗಿಲಲ್ಲೇ ನಿಂತಿದ್ದಾಳೆ.

ಒಂದು ಮಧ್ಯಾಹ್ನ ಚಿಕ್ಕಪ್ಪ ಟೇಪ್ ರೆಕಾರ್ಡರಿನ ಗುಂಡಿ ಒತ್ತಿ, ಅಜ್ಜಿಯ ಆಚೆ ಮಗ್ಗುಲಿಗಿಟ್ಟು, ಕೆಳಗೆ ಹೋಗಿದ್ದ. ಆ ಕ್ಯಾಸೆಟ್ಟು ಆಮೇಲೆ ತುಂಡಾಯಿತು. ಅಷ್ಟರೊಳಗೆ ಅವನು ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದದ್ದು ನಮ್ಮ ಪುಣ್ಯ. ಅಜ್ಜಿಯ ದನಿ ಅಂತ ಉಳಿದಿರುವುದು ಅದೊಂದೇ. ನಾನು ಕೇಳಲು ಕೂತಾಗಲೆಲ್ಲ “ಒಂದಾನೊಂದು ಊರಲ್ಲಿ” ಅನ್ನುವಷ್ಟರಲ್ಲೇ ಮುಂದೆ ಕೇಳಲಾಗದೆ ನಿಲ್ಲಿಸಿಬಿಡುತ್ತಿದ್ದೆ.

ಚಿಕ್ಕಪ್ಪ ಬರೆದ ತಂತ್ರಾಂಶದ ಹೆಸರು ‘ಹಣೆಪಟ್ಟಿ’. ಧ್ವನಿಯ ಕಡತಗಳಿಗೆ ಹೆಸರು ಬರೆಯುವುದು ಅದರ ಕೆಲಸ: ಇದು ಯಾವ ಹಾಡು, ಯಾರ ಮಾತು, ಯಾವ ವರ್ಷದ್ದು. ಹಳೆಯ ಹಾಡು ಕೂಡಿಡುವವರು, ಹಕ್ಕಿಗಳ ಕೂಗು ಹಿಡಿಯುವವರು, ಗ್ರಂಥಾಲಯದವರು ಅದನ್ನು ಬಳಸುತ್ತಿದ್ದರು. ಚಿಕ್ಕಪ್ಪನದು ಒಂದೇ ಮಂತ್ರ: “ಹೆಸರು ಬರೀಬೇಕು, ದನಿ ಮುಟ್ಟಬಾರದು.”

ನಾನು ಅವನ ಜೊತೆ ಕೆಲಸಕ್ಕೆ ಸೇರಿದ ಮೇಲೆ ಹಣೆಪಟ್ಟಿಗೆ ಸಿಂಗಾರ ಶುರುವಾಯಿತು. ಮುಖಚಿತ್ರ ಹುಡುಕಿ ಅಂಟಿಸುವುದು, ಹಾಡಿನ ಸಾಹಿತ್ಯ ತೋರಿಸುವುದು, ನಕ್ಷತ್ರ ಕೊಡುವುದು. ಬಳಸುವವರು ಕೇಳುತ್ತಿದ್ದರು, ನಾನು ಕುಣಿಯುತ್ತಾ ಸೇರಿಸುತ್ತಿದ್ದೆ. ಹೆಸರು ಬರೆಯುವ ಮುಂಚೆ ಮೂಲದ ಪ್ರತಿಯೊಂದನ್ನು ಪಕ್ಕಕ್ಕಿಡುವ ಅಭ್ಯಾಸ ಅದಕ್ಕೆ ಮೊದಲಿನಿಂದ ಇತ್ತು. ಜಾಗ ತಿನ್ನುತ್ತದೆ ಎಂದು ಜನ ದೂರಿದಾಗ ಅದನ್ನೇ ಕಿತ್ತುಹಾಕಿದೆ.

“ಮೂಗಿಗಿಂತ ಮೂಗುತಿ ಭಾರ ಆಗ್ತಿದೆ ಕಣೇ,” ಎಂದ ಚಿಕ್ಕಪ್ಪ.

“ಬರೀ ಮೂಗು ತೋರಿಸಿದ್ರೆ ಯಾರು ನೋಡ್ತಾರೆ ಹೇಳು?”

“ಉಸಿರಾಡೋರು ನೋಡ್ತಾರಮ್ಮ.”

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಸಲದ ಸಿಂಗಾರ ‘ಶುಚಿ’. ಹೆಸರು ಬರೆದು ಉಳಿಸಿದ ಕೂಡಲೇ ಅದು ತಾನಾಗಿಯೇ ಗದ್ದಲ ಒರೆಸಿ, ನಡುವಿನ ಮೌನ ಕತ್ತರಿಸಿಬಿಡುತ್ತದೆ. ಪೂರ್ತಿ ನಾನೇ ಬರೆದದ್ದು. ಮರುದಿನ ಅದು ಜನರ ಕೈ ಸೇರಬೇಕಿತ್ತು. ಚಿಕ್ಕಪ್ಪನ ಬಾಯಲ್ಲಿ ಒಂದು ‘ಭೇಷ್’ ಬರಲಿ ಎಂದು, ಪರೀಕ್ಷೆಗೆ ಅಜ್ಜಿಯ ಕಡತವನ್ನೇ ತೆರೆದೆ. ಶೀರ್ಷಿಕೆ: ಗಾಳಿ ಮಲಗುವ ಮನೆ. ಹೇಳಿದವರು: ಅಜ್ಜಿ. ಉಳಿಸಿದೆ.

ಅಜ್ಜಿಯ ದನಿ ತೊಳೆದಿಟ್ಟ ಲೋಟದ ಹಾಗೆ ಹೊಳೆಯಿತು. ಫ್ಯಾನಿಲ್ಲ, ಮಷೀನಿಲ್ಲ. ನಾನು ಗೆದ್ದವಳಂತೆ ಚಿಕ್ಕಪ್ಪನ ಮುಖ ನೋಡಿದೆ. ಅವನು ತಲೆ ವಾಲಿಸಿ ಕೇಳುತ್ತಿದ್ದ.

“ಅಮ್ಮ ಯಾಕೆ ಹಿಂಗೆ ಓಡ್ತಿದ್ದಾಳೆ? ಬಸ್ಸು ತಪ್ಪೋ ಹಾಗೆ?” ಎಂದ. ಮತ್ತೆ ಸ್ವಲ್ಪ ಕೇಳಿ, ಮೆಲ್ಲಗೆ, “ಗುಬ್ಬಿ, ನಿನ್ನ ಹೂಂ ಎಲ್ಲಿ?”

ಇರಲಿಲ್ಲ. ಟೇಪ್ ರೆಕಾರ್ಡರಿನಿಂದ ದೂರದಲ್ಲಿ ಮಲಗಿದ್ದ ಮಗುವಿನ ಸಣ್ಣ ಹೂಂಗಳನ್ನೆಲ್ಲ ‘ಶುಚಿ’ ಗದ್ದಲವೆಂದುಕೊಂಡಿತ್ತು. ಆ ಹೂಂಗಳಿಗಾಗಿ ಅಜ್ಜಿ ಕಾದ ಗಳಿಗೆಗಳನ್ನು ಖಾಲಿ ಜಾಗವೆಂದುಕೊಂಡಿತ್ತು. ಮೂಲದ ಪ್ರತಿ ಹುಡುಕಲು ಹೋದೆ. ಸಿಗಲಿಲ್ಲ. ಅದನ್ನು ಪಕ್ಕಕ್ಕಿಡುವ ಅಭ್ಯಾಸವನ್ನು ಕಿತ್ತವಳು ನಾನೇ ತಾನೆ?

“ಚಿಕ್ಕಪ್ಪಾ, ಹೋಯ್ತು. ಇದ್ದದ್ದು ಇದೊಂದೇ.”

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ, ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದ ತನ್ನ ಹಳೆಯ ಕಂಪ್ಯೂಟರನ್ನು ಚಾಲೂ ಮಾಡಿದ. ಅದು ಗೊಣಗುತ್ತಾ ಎದ್ದಿತು. ಅದರಲ್ಲಿ ಇನ್ನೂ ಮೊದಲ ಹಣೆಪಟ್ಟಿಯೇ ಇತ್ತು, ಬರೀ ನಾಲ್ಕು ಖಾನೆಗಳದ್ದು.

“ಕ್ಯಾಸೆಟ್ ಇಳಿಸಿದ ದಿನ ಇದರಲ್ಲೇ ಹೆಸರು ಬರೆದಿದ್ದೆ. ಆಗ ಅದು ಒಂದು ಪ್ರತಿ ತೆಗೆದಿಟ್ಟಿರ್ಬೇಕು. ಅದು ಅದರ ಚಾಳಿ.”

ತೆಗೆದಿಟ್ಟಿತ್ತು.

“ನೀನು ಪೂರ್ತಿ ಕೇಳಿದ್ದೀಯಾ?”

“ಎಲ್ಲಿ ಕೇಳ್ಲಿ? ಹೆಸರು ಬರೆದೆ, ಮುಚ್ಚಿಟ್ಟೆ. ಧೈರ್ಯ ಬರ್ಲಿಲ್ಲ.”

ಇಬ್ಬರೂ ಕೂತು ಕೇಳಿದೆವು. ಮೊದಲು ಬಂದದ್ದು ಫ್ಯಾನಿನ ಕಿರ್ರು. ನಮ್ಮ ತಲೆಯ ಮೇಲೂ ಅದೇ ಕಿರ್ರು, ಎರಡೂ ಒಂದರೊಳಗೊಂದು ಬೆರೆತು, ಇಂದು ಯಾವುದು ಅಂದು ಯಾವುದು ತಿಳಿಯದಾಯಿತು. ಆಮೇಲೆ ದರ್ಜಿಯ ಟಕಟಕ. ಆಮೇಲೆ ಅಜ್ಜಿ, ನಿಧಾನವಾಗಿ. ಅವಳು ನಿಂತಲ್ಲೆಲ್ಲ ನನ್ನ ಹೂಂ. ಬೆಟ್ಟ ದಾಟಿದ್ದಕ್ಕೆ ಹೂಂ, ಹೊಳೆ ದಾಟಿದ್ದಕ್ಕೆ ಹೂಂ. ಬರಬರುತ್ತ ಅದು ತೆಳ್ಳಗಾಗಿ ಉಸಿರಷ್ಟೇ ಆಯಿತು. ಹುಡುಗಿ ಕೊನೆಯ ಬಾಗಿಲು ತಟ್ಟಿದಳು.

“ಗುಬ್ಬೀ? ಮಲಗಿದ್ಯೇನೇ?”

ಉತ್ತರವಿಲ್ಲ. ಹೊದಿಕೆ ಎಳೆದ ಸದ್ದು. ನಾನು ನಿಲ್ಲಿಸಲು ಕೈ ಚಾಚಿದೆ. ಅಲ್ಲೇ ಬಿಟ್ಟೆ ಅಂತ ಅಜ್ಜಿಯೇ ಹೇಳಿದ್ದಳಲ್ಲ. ಚಿಕ್ಕಪ್ಪ ನನ್ನ ಕೈ ತಡೆದ.

ಮೌನ. ಫ್ಯಾನು. ಆಮೇಲೆ, ಕಿವಿಗೆ ಬಿತ್ತೋ ಇಲ್ಲವೋ ಅನ್ನುವಷ್ಟು ಸಣ್ಣಗೆ, ಅಜ್ಜಿ ತಾನೇ “ಹೂಂ” ಅಂದಳು. ಅಂದು, ಪಿಸುಮಾತಿನಲ್ಲಿ ಮುಂದುವರಿದಳು:

“ಬಾಗಿಲು ತೆರೀತು. ಒಳಗೆ ಗಾಳಿ ಇರ್ಲಿಲ್ಲ. ಒಬ್ಬ ಮುದುಕಿ ಇದ್ಲು. ಅಯ್ಯೋ ಮಗಳೇ, ಗಾಳಿ ಇಲ್ಲೆಲ್ಲಿ? ಅದು ನಿನ್ನ ಹಿಂದೇನೇ ಬಂತಲ್ಲ, ನೀನು ಕೂತ್ರೆ ತಾನೇ ಅದು ಮಲಗೋದು ಅಂದ್ಲು. ಹೂಂ. ಹುಡುಗಿ ಅಲ್ಲೇ ಹೊಸ್ತಿಲ ಮೇಲೆ ಕೂತ್ಲು. ಗಾಳಿ ಅವಳ ಮಡಿಲಲ್ಲಿ ಮಲಗ್ತು. ಹೂಂ.”

ಅಲ್ಲಿಗೆ ಟೇಪು ಮುಗಿಯಿತು. ‘ಶುಚಿ’ ಮಾಡಿದ ಕಡತದಲ್ಲಿ ಇದಾವುದೂ ಇರಲಿಲ್ಲ. ಪಿಸುಮಾತನ್ನೂ ಗದ್ದಲವೆಂದು ಒರೆಸಿದ್ದರಿಂದ ಅದು ಬಾಗಿಲು ತಟ್ಟಿದಲ್ಲಿಗೇ ಮುಗಿದಿತ್ತು.

“ಸುಳ್ಳಿ,” ಎಂದ ಚಿಕ್ಕಪ್ಪ, ಕನ್ನಡಕ ಒರೆಸುತ್ತ. “ಗೋಡೆಗೇ ಹೇಳಿದ್ದಾಳೆ ನೋಡು.”

ಮರುದಿನ ಹೊಸ ಹಣೆಪಟ್ಟಿ ಹೊರಗೆ ಹೋಗಲಿಲ್ಲ. ಪ್ರತಿ ತೆಗೆದಿಡುವ ಚಾಳಿಯನ್ನು ಹಿಂದಕ್ಕೆ ತಂದೆ. ‘ಶುಚಿ’ಯನ್ನು ಎಸೆಯಲು ಹೊರಟಾಗ ಚಿಕ್ಕಪ್ಪನೇ ಬೇಡವೆಂದ, ಹಕ್ಕಿ ಹಿಡಿಯುವವರಿಗೆ ಬೇಕಾಗುತ್ತದಂತೆ. ಈಗ ಅದು ಬೇರೆಯೇ ಗುಂಡಿ. ಕೇಳಿದರೆ ಮಾತ್ರ ಬರುತ್ತದೆ, ಬಂದರೂ ಹೊಸ ಪ್ರತಿಯಲ್ಲಿ ಕೈಯಾಡಿಸುತ್ತದೆ. ಮೂಲದ ದನಿ ಮುಟ್ಟುವುದಿಲ್ಲ.

ಕೊನೆಗೆ ಒಂದೇ ಒಂದು ಖಾನೆ ಸೇರಿಸಿದೆ, ‘ಹೇಳಿದವರು’ ಎಂಬುದರ ಕೆಳಗೆ.

“ಇನ್ನೊಂದು ಮೂಗುತಿನಾ?” ಚಿಕ್ಕಪ್ಪ ಬಗ್ಗಿ ನೋಡಿದ. “ಏನಿದು, ‘ಹೂಂ ಅಂದವರು’?”

“ಹೂಂ,” ಅಂದೆ.

ಅವನು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. ಗಾಳಿ ಮಲಗುವ ಮನೆಯ ಕಡತ ತೆರೆದು ಆ ಖಾನೆಯಲ್ಲಿ ಮೊದಲು ‘ಗುಬ್ಬಿ’ ಎಂದು ಬರೆದೆ. ಒಂದು ಗಳಿಗೆ ಬಿಟ್ಟು, ಅದರ ಪಕ್ಕದಲ್ಲಿ ‘ಅಜ್ಜಿ’ ಎಂದು ಸೇರಿಸಿದೆ.