ಮೂರು ಸಲ ಕೇಳಿದ ಕ್ಷಮೆ

ಟೋಪಿಗಳ ವಿಷಯದಲ್ಲಿ ನಮ್ಮ ಅಂಗಡಿಯ ನಿಯಮ ಊರಿನ ಉಳಿದ ಅಂಗಡಿಗಳ ನಿಯಮವೇ ಆಗಿತ್ತು. ಬಿಳಿ ಹೆಂಗಸರು ಎಷ್ಟು ಬೇಕಾದರೂ ತಲೆಗಿಟ್ಟು ನೋಡಬಹುದು. ಕಪ್ಪು ಹೆಂಗಸರು ಕೈಯಲ್ಲಿ ಹಿಡಿದು ನೋಡಿ, ದುಡ್ಡು ಕೊಟ್ಟು, ಮನೆಗೆ ಹೋಗಿ ಹಾಕಿಕೊಳ್ಳಬೇಕು. ಆದರೆ ಬಿಳಿಯರು ಯಾರೂ ಇಲ್ಲದ ಹೊತ್ತಿನಲ್ಲಿ ಅಪ್ಪ ಹಿಂದಿನ ಪರದೆ ಸರಿಸಿ, "ಒಳಗೆ ಹೋಗಿ ಹಾಕ್ಕೊಂಡು ನೋಡು, ಬೇಗ" ಎನ್ನುತ್ತಿದ್ದರು. ಆ ಪರದೆಯ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆ. ಇಡೀ ಮಿಸಿಸಿಪ್ಪಿಯಲ್ಲಿ ತನ್ನಷ್ಟು ಒಳ್ಳೆಯ ಅಂಗಡಿಯವನಿಲ್ಲ ಎಂದು ನಂಬಿದ್ದರು. ಹದಿನೇಳು ವರ್ಷದ ನಾನೂ ನಂಬಿದ್ದೆ.

ಅಪ್ಪನ ಹೆಸರು ಇಸಿಡೋರ್ ಗೊರೆಲಿಕ್. ಊರಿಗೆಲ್ಲ ಇಜ್ಜಿ. ಬಿಳಿಯರ ಚಿಳ್ಳೆಪಿಳ್ಳೆಗಳೂ ಇಜ್ಜಿ ಎಂದೇ ಕೂಗುತ್ತಿದ್ದವು. ಅಪ್ಪ ಅವುಗಳ ತಾಯಂದಿರನ್ನು ಮೇಡಂ ಎನ್ನುತ್ತಿದ್ದರು. ಊರಿನಲ್ಲಿ ನಮ್ಮಂಥ ಯಹೂದಿಗಳ ಮನೆ ಬೆರಳೆಣಿಕೆಯಷ್ಟು. ಊರಿನ ದೊಡ್ಡ ಬಿಳಿಯರ ಕ್ಲಬ್ಬಿಗೆ ನಮ್ಮನ್ನು ಸೇರಿಸುತ್ತಿರಲಿಲ್ಲ. ಆದರೆ ಬಿಳಿ ಮಕ್ಕಳು, ಕಪ್ಪು ಮಕ್ಕಳು ಒಂದೇ ಶಾಲೆಯಲ್ಲಿ ಕೂರಬೇಕೆಂದು ದೊಡ್ಡ ಕೋರ್ಟು ಹೇಳಿದ ಮೇಲೆ ಅದೇ ಕ್ಲಬ್ಬಿನ ಗಂಡಸರು ಅದನ್ನು ತಡೆಯಲು ಒಂದು ಸಮಿತಿ ಕಟ್ಟಿಕೊಂಡು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದರು. "ನೀನು ನಮ್ಮೋನೇ ತಾನೆ, ಇಜ್ಜಿ?" ಎಂದರು. ಪಕ್ಕದ ಊರಿನಲ್ಲಿ ಈ ಪ್ರಶ್ನೆಗೆ ಹೌದೆನ್ನಲು ತಡಮಾಡಿದ ಯಹೂದಿಯೊಬ್ಬನ ಅಂಗಡಿಗೆ ಆಮೇಲೆ ಗಿರಾಕಿಗಳು ಹೋಗಲಿಲ್ಲ, ಕಲ್ಲು ಹೋಯಿತು. ಅಪ್ಪ ನಕ್ಕು ಹೌದೆಂದರು. ಆ ನಗು ನೆನೆದರೆ ನನಗೆ ಈಗಲೂ ಮೈ ಹಿಡಿಯಾಗುತ್ತದೆ.

ಲುವೀನಿಯಾ ಟಿಲ್ಮನ್ ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದಳು. ಕಪ್ಪು ಹೆಂಗಸು, ಅಪ್ಪನ ವಾರಿಗೆಯವಳು. ಅಮ್ಮ ತೀರಿಕೊಂಡ ವರ್ಷ ನನ್ನ ಜಡೆ ಹೆಣೆದವಳು ಅವಳೇ. ಆ ಸೆಪ್ಟೆಂಬರಿನಲ್ಲಿ ಅವಳ ಮಗಳಿಗೆ ಟೀಚರ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಮಗಳನ್ನು ಬಿಟ್ಟುಬರಲು ಹೋಗುವಾಗ ಹಾಕಿಕೊಳ್ಳಲೆಂದು ಒಂದು ನೀಲಿ ಟೋಪಿ ಕೊಂಡಳು.

ಅಂದು ಶನಿವಾರ. ಅದು ನಮ್ಮ ವಿಶ್ರಾಂತಿಯ ದಿನ, ಊರಿಗೆ ವ್ಯಾಪಾರದ ದಿನ. ಊರೇ ಗೆದ್ದು, ನಾವು ಶನಿವಾರವೂ ಅಂಗಡಿ ತೆರೆಯತೊಡಗಿ ಎಷ್ಟೋ ವರ್ಷವಾಗಿತ್ತು. ಲುವೀನಿಯಾ ಟೋಪಿಗೆ ದುಡ್ಡು ಕೊಟ್ಟು, ಅದು ತನ್ನದಾಯಿತೆಂಬ ಖುಷಿಯಲ್ಲಿ, ಮುಂದಿನ ದೊಡ್ಡ ಕನ್ನಡಿಯ ಎದುರೇ ತಲೆಗಿಟ್ಟುಕೊಂಡಳು. ಚೆನ್ನಾಗಿ ಒಪ್ಪುತ್ತಿತ್ತು. ಅಷ್ಟರಲ್ಲಿ ಬ್ಯಾಂಕ್ ಮ್ಯಾನೇಜರರ ಹೆಂಡತಿ ಮಿಸೆಸ್ ಲ್ಯಾಥಮ್ ಒಳಗೆ ಬಂದರು.

"ಏನೋ ಇಜ್ಜಿ, ಇವರು ಹಾಕಿ ಬಿಟ್ಟಿದ್ದನ್ನೇ ನಮ್ಮ ತಲೆಗೆ ಕಟ್ತೀಯಾ?"

ಅಂಗಡಿ ತುಂಬ ಜನ. ಅವಳು ದುಡ್ಡು ಕೊಟ್ಟಿದ್ದಾಳೆ ಎಂಬ ಒಂದೇ ಮಾತು ಸಾಕಿತ್ತು. ಅಪ್ಪ ದಾಪುಗಾಲಲ್ಲಿ ಹೋಗಿ ಅವಳ ತಲೆಯಿಂದ ಟೋಪಿ ಕಿತ್ತುಕೊಂಡರು. ಅದರ ಜೊತೆ ಒಂದೆರಡು ಕೂದಲೂ ಬಂದವು. ತಮ್ಮ ಕರವಸ್ತ್ರ ತೆಗೆದು ಟೋಪಿಯ ಒಳಭಾಗವನ್ನು ಎಲ್ಲರಿಗೂ ಕಾಣುವ ಹಾಗೆ ಒರೆಸಿದರು. "ಎಷ್ಟು ಸಲ ಹೇಳ್ಬೇಕು ನಿನಗೆ?" ಎಂದರು. ಒಂದು ಸಲವೂ ಹೇಳಿರಲಿಲ್ಲ.

ಲುವೀನಿಯಾ ಪರದೆಯ ಹಿಂದೆ ಹೋದಳು. ಸ್ವಲ್ಪ ಹೊತ್ತಿಗೆ ಮಿಷನ್ನಿನ ಸದ್ದು ಕೇಳಿತು. ನಾನು ರಿಬ್ಬನ್ ಡಬ್ಬಗಳನ್ನು ಜೋಡಿಸುವ ನೆಪದಲ್ಲಿ ತಲೆ ಬಗ್ಗಿಸಿದವಳು ಸಂಜೆಯವರೆಗೂ ಎತ್ತಲಿಲ್ಲ. ನಾಚಿಕೆಯಿಂದ ಕಿವಿಗಳು ಕಾದಿದ್ದವು.

ವಾರ ಕಳೆದರೆ ಯೋಮ್ ಕಿಪ್ಪುರ್, ನಮ್ಮ ದೊಡ್ಡ ಉಪವಾಸ. ದೇವರಿಗೆ ಮಾಡಿದ ತಪ್ಪನ್ನು ಅಂದು ದೇವರು ಮನ್ನಿಸುತ್ತಾನೆ. ಮನುಷ್ಯರಿಗೆ ಮಾಡಿದ್ದನ್ನು ಅವನು ಮುಟ್ಟುವುದಿಲ್ಲ. ಅದನ್ನು ಉಪವಾಸಕ್ಕೆ ಮೊದಲೇ ಆ ಮನುಷ್ಯರ ಹತ್ತಿರವೇ ಹೋಗಿ ಕೇಳಿಕೊಳ್ಳಬೇಕು. ಅವರು ಒಪ್ಪದಿದ್ದರೆ ಮತ್ತೆ ಕೇಳಬೇಕು. ಮೂರು ಸಲ ಕೇಳಿಯೂ ಅವರು ಒಲ್ಲೆನೆಂದರೆ ಕೇಳಿದವನು ಬಿಡುಗಡೆಯಾದ ಹಾಗೆ. ಇದು ಶಾಸ್ತ್ರ. ಅಪ್ಪನಿಗೆ ಆ ವಾರ ನಿದ್ದೆ ಬರುತ್ತಿರಲಿಲ್ಲ.

ಒಂದು ಸಂಜೆ ನನ್ನನ್ನು ಕರೆದುಕೊಂಡು ಲುವೀನಿಯಾಳ ಮನೆಗೆ ಹೊರಟರು. ಗಂಡಸೊಬ್ಬನೇ ಕಪ್ಪು ಜನರ ಕೇರಿಗೆ ಹೋದರೆ ಜನ ಏನಾದರೂ ಅಂದುಕೊಂಡಾರು ಎಂದು ಜೊತೆಗೆ ನಾನು. ಕಾರನ್ನು ಅವಳ ಮನೆಯೆದುರು ನಿಲ್ಲಿಸದೆ ಹತ್ತಿ ಗೋದಾಮಿನ ಹಿಂದೆ ನಿಲ್ಲಿಸಿದರು.

ಅಡುಗೆಮನೆಯಲ್ಲಿ ಕೂರಿಸಿದಳು. ಅಪ್ಪ ಟೋಪಿಯ ಡಬ್ಬವನ್ನು ಮೇಜಿನ ಮೇಲಿಟ್ಟು ಹೇಳಿದರು: "ಲುವೀನಿಯಾ, ಅವತ್ತು ನಾನು ಮಾಡಿದ್ದು ತಪ್ಪು. ನಿನ್ನ ಹತ್ರ ಕ್ಷಮೆ ಕೇಳೋಕೆ ಬಂದಿದೀನಿ. ನಮ್ಮಲ್ಲಿ ಹಾಗೆ ಪದ್ಧತಿ."

ಅವಳು ಡಬ್ಬ ತೆರೆಯಲಿಲ್ಲ. "ಒಳ್ಳೇ ಪದ್ಧತಿ ಮಿಸ್ಟರ್ ಇಜ್ಜಿ. ನೀವು ನನ್ನ ಮಾನ ತೆಗೆದದ್ದು ಎಲ್ಲಿ?"

"ಅಂಗಡೀಲಿ."

"ಹಾಗಿದ್ರೆ ಅಂಗಡೀಲೇ ಕೇಳಿ. ಅವತ್ತಿನ ಹಾಗೇ ಜನ ಇರೋವಾಗ."

"ನಿನಗೆ ಗೊತ್ತಿಲ್ವಾ, ನನ್ನನ್ನ ಸುಮ್ನೆ ಬಿಡ್ತಾರಾ ಅವರು?"

"ಗೊತ್ತು. ಅವರು ಹೇಗೆ ಅಂತ ನನಗೆ ನೀವು ಹೇಳ್ಬೇಕಾ?"

ಮರುದಿನ ಸಂಜೆ ಮತ್ತೆ ಹೋದೆವು. ಅದೇ ಮಾತು, ಅದೇ ಉತ್ತರ. ಹಗಲೆಲ್ಲ ಅವಳು ನಮ್ಮ ಅಂಗಡಿಯಲ್ಲೇ, ಪರದೆಯ ಹಿಂದೆ, ನಾಲ್ಕು ಮಾರು ದೂರದಲ್ಲಿರುತ್ತಿದ್ದಳು. ಅಲ್ಲಿ ಬಾಯಿ ಬಿಡದೆ ಊರು ಸುತ್ತಿ ಅವಳ ಮನೆಗೆ ಹೋಗುತ್ತಿದ್ದೆವು! ನನಗೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ.

ಗುರುವಾರ ಮೂರನೆಯ ಸಲ. ಅಂದು ಅಪ್ಪ ಕೂರಲೂ ಇಲ್ಲ. ಬಾಗಿಲಲ್ಲೇ ನಿಂತು ಗಿಳಿಪಾಠ ಒಪ್ಪಿಸಿದರು. ಅವಳು ಹೂಂ ಅನ್ನಲಿ, ಬಿಡಲಿ, ಮೂರನೆಯ ಸಲ ಮುಗಿದರೆ ಸಾಕು ಎಂಬ ಅವಸರ ಅವರ ಮುಖದಲ್ಲಿತ್ತು. ಅವಳು ಹೂಂ ಅನ್ನಲಿಲ್ಲ. ಅಪ್ಪ ಕಾರು ಹತ್ತಿ ದೊಡ್ಡದಾಗಿ ಉಸಿರು ಬಿಟ್ಟರು.

"ಆಯ್ತಲ್ಲ ಡೋರಾ, ಮೂರು ಸಲ. ಇನ್ನು ನನ್ನ ಮೇಲೇನಿಲ್ಲ."

ಇವರು ನನ್ನ ಅಪ್ಪ ಎಂದು ಯಾರಿಗೂ ಹೇಳಬಾರದು ಅನ್ನಿಸಿತು. ಕಿಟಕಿಯ ಕಡೆ ತಿರುಗಿ ಕೂತೆ.

ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಊಟಕ್ಕೆ ಬಂದೆವು. ಅಂದು ಸೂರ್ಯ ಮುಳುಗಿದರೆ ಉಪವಾಸ ಶುರು. ಅಜ್ಜಿ ಸಂಜೆಯ ಊಟಕ್ಕೆಂದು ಕೋಳಿ ಸಾರು ಕುದಿಸುತ್ತಿದ್ದರು. ಅಪ್ಪನ ತಾಯಿ, ಲಿಥುವೇನಿಯಾದ ಹಳ್ಳಿಯಿಂದ ಬಂದವರು, ಬಾಯಲ್ಲಿ ಹಲ್ಲಿಲ್ಲದಿದ್ದರೂ ಮಾತಿಗೆ ಹಲ್ಲಿತ್ತು. ಅಪ್ಪ ಪರೀಕ್ಷೆ ಪಾಸಾದ ಹುಡುಗನ ಹಾಗೆ ಮೂರು ಸಲ ಕೇಳಿದ ವಿಷಯ ಹೇಳಿದರು.

"ಅವಳು ಆಗಲ್ಲ ಅಂದ್ಲಾ?" ಎಂದು ಕೇಳಿದರು ಅಜ್ಜಿ.

"ಅಂಗಡೀಲಿ, ಜನರ ಮುಂದೆ ಕೇಳು ಅಂದ್ಲು."

ಅಜ್ಜಿ ಸೌಟು ಕೆಳಗಿಟ್ಟರು. "ಹಾಗಾದ್ರೆ ಅವಳು ಇಲ್ಲ ಅಂದಿಲ್ಲ ಕಣೋ. ಎಲ್ಲಿ ಕೇಳ್ಬೇಕು ಅಂತ ಹೇಳಿದಾಳೆ. ನೀನು ಮೂರು ಸಲ ಅಲ್ಲ, ಒಂದು ಸಲವೂ ಕೇಳಿಲ್ಲ."

ಅಪ್ಪ ತಟ್ಟೆಯ ಮುಂದಿನಿಂದ ಎದ್ದರು. ನಾನು ಅವರ ಹಿಂದೆ ಓಡಿದೆ. ದಾರಿಯುದ್ದಕ್ಕೂ, ನನ್ನ ಅಪ್ಪ ನನಗೆ ಮರಳಿ ಸಿಗುತ್ತಾರೆ ಎಂದುಕೊಂಡೆ.

ಅಂಗಡಿಯ ಬಾಗಿಲಿಗೆ ಇನ್ನೂ ಬೀಗ, ಗಾಜಿಗೆ ಪರದೆ. ನಾವು ಹಿಂದಿನ ಬಾಗಿಲಿನಿಂದ ಒಳಗೆ ಹೋದೆವು. ಲುವೀನಿಯಾ ಬುತ್ತಿ ತಿಂದು ಮುಗಿಸಿದ್ದಳು. ಅಪ್ಪ ಅವಳನ್ನು ಮುಂದಿನ ಕನ್ನಡಿಯ ಹತ್ತಿರ ಕರೆದರು.

"ನೋಡು, ಇದೇ ಅಂಗಡಿ, ಇದೇ ಜಾಗ. ಇಲ್ಲೇ ಕೇಳ್ತಾ ಇದೀನಿ. ನನ್ನನ್ನ ಕ್ಷಮಿಸು."

ಅವಳು ಖಾಲಿ ಅಂಗಡಿಯನ್ನು ಒಮ್ಮೆ ನೋಡಿದಳು, ಆಮೇಲೆ ನನ್ನನ್ನು. ನಾನು ನೆಲ ನೋಡಿದೆ.

"ಬಾಗಿಲು ತೆಗೀರಿ ಮಿಸ್ಟರ್ ಇಜ್ಜಿ. ತೆಗೆದು ಇದೇ ಮಾತು ಹೇಳಿ."

ಅಪ್ಪ ಬಾಗಿಲ ಹತ್ತಿರ ಹೋದರು. ಪರದೆಯ ಸಂದಿಯಿಂದ ನೋಡಿದರು. ಹೊರಗೆ ಮಿಸೆಸ್ ಲ್ಯಾಥಮ್ ತಮ್ಮ ಹೊಸ ಗೌನಿನ ಅಂಚನ್ನು ಅಳತೆಗೆ ಮಡಿಸಿ ಹಿಡಿಸಲು ಬಂದು ಕಾಯುತ್ತಿದ್ದರು, ಜೊತೆಗೆ ಇನ್ನಿಬ್ಬರು. ಅಪ್ಪನ ಕೈ ಬೀಗದ ಕೈ ಮೇಲೇ ಉಳಿಯಿತು. ತಿರುಗಲಿಲ್ಲ. ಲುವೀನಿಯಾ ಕಾದಳು. ಅವಳು ಕಾದದ್ದೇ ದೊಡ್ಡದು. ಆಮೇಲೆ ಕೊರಳಿನ ಅಳತೆ ಟೇಪು ತೆಗೆದು ಗಲ್ಲಾದ ಮೇಲಿಟ್ಟು, ಅಪ್ಪನ ಕೈಯನ್ನು ಮೆಲ್ಲಗೆ ಸರಿಸಿ ತಾನೇ ಬೀಗ ತೆರೆದಳು. ತಾನು ಎಂದೂ ಬಳಸದ ಆ ಮುಂಬಾಗಿಲಿನಿಂದಲೇ, ಮಿಸೆಸ್ ಲ್ಯಾಥಮ್ ಪಕ್ಕದಲ್ಲೇ ಹಾದು, ಬೀದಿಗಿಳಿದಳು.

"ಇವಳಿಗೇನಾಯ್ತೋ ಇಜ್ಜಿ?"

"ಏನೂ ಇಲ್ಲ ಮೇಡಂ. ಬನ್ನಿ."

ಅಂಚು ಹಿಡಿಯಲು ಈಗ ಯಾರೂ ಇರಲಿಲ್ಲ. ಅವರು ಗೌನು ತೊಟ್ಟು ಸ್ಟೂಲಿನ ಮೇಲೆ ನಿಂತರು. ಅಪ್ಪ ನನ್ನತ್ತ ನೋಡಿದರು. ನಾನು ಅಲ್ಲಾಡಲಿಲ್ಲ. ಕೊನೆಗೆ ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು ಅವರೇ ಮೊಣಕಾಲೂರಿ ಕೂತರು. ನಮ್ಮವರು ದೇವರ ಮುಂದೆಯೂ ಹಾಗೆ ಮೊಣಕಾಲೂರುವುದು ವರ್ಷದಲ್ಲಿ ಒಂದೆರಡು ಸಲ ಮಾತ್ರ.

"ಈ ಕೋರ್ಟು ಗೀರ್ಟು ಅಂತ ಇವರಿಗೆಲ್ಲ ತಲೆ ತಿರುಗಿದೆ," ಎಂದರು ಮಿಸೆಸ್ ಲ್ಯಾಥಮ್ ಮೇಲಿನಿಂದ. "ಅಲ್ವೇನೋ ಇಜ್ಜಿ?"

ಬಾಯಲ್ಲಿ ಸೂಜಿಗಳಿವೆ, ಅಪ್ಪ ಸುಮ್ಮನಿರಬಹುದು, ಯಾರೂ ತಪ್ಪು ತಿಳಿಯುವುದಿಲ್ಲ ಎಂದು ನನಗೆ ಒಂದು ಕ್ಷಣ ಸಮಾಧಾನವಾಯಿತು. ಅಪ್ಪ ಸೂಜಿಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟುಕೊಂಡರು.

"ಹೌದು ಮೇಡಂ," ಎಂದರು.