ಇಪ್ಪತ್ತೈದು ಸಲ ತಿರುಗಿಸಿದರೆ ಹಗಲು

ತಪ್ಪು ನನ್ನದೇ. ವಾಚಿನ ಮುಖದಲ್ಲಿ ಒಂದು ಪುಟ್ಟ ಕಿಟಕಿ, ಕಿಟಕಿಯಲ್ಲಿ ನೀಲಿ ಆಕಾಶ, ಅದರಲ್ಲೊಬ್ಬ ಹಳದಿ ಚಂದ್ರ. ರಾತ್ರಿಯಾದರೆ ಚಂದ್ರ ಬರುತ್ತಾನೆ, ಬೆಳಗಾದರೆ ಹೋಗುತ್ತಾನೆ ಎಂದುಕೊಂಡೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಎಂಟು ಗಂಟೆ ನಿಂತು ಬೆಡ್‌ಶೀಟು ಮಡಚಿ ಬಂದವಳ ತಲೆಗೆ ಅದಕ್ಕಿಂತ ಹೆಚ್ಚು ಏನು ಹೊಳೆಯುತ್ತದೆ? ಡಬ್ಬಿಯಲ್ಲಿದ್ದ ಚೀಟಿಯನ್ನು ಬಿಡಿಸಿಯೂ ನೋಡದೆ ಅಪ್ಪನ ಕೈಗೆ ಕಟ್ಟಿಬಿಟ್ಟೆ.

ಅಪ್ಪ ಮೂವತ್ತನಾಲ್ಕು ವರ್ಷ ಒಂದು ಗೋದಾಮಿನಲ್ಲಿ ರಾತ್ರಿ ಕಾವಲುಗಾರನಾಗಿದ್ದವನು. ರಾತ್ರಿಯೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು, ಹಗಲು ದಪ್ಪ ಪರದೆ ಎಳೆದುಕೊಂಡು ಮಲಗುವುದು. ಈಗ ಅವನಿಗೆ ಮರೆವು. ಒಮ್ಮೊಮ್ಮೆ ನನ್ನ ಹೆಸರೂ ಮರೆಯುತ್ತಾನೆ, ಡ್ಯೂಟಿ ಮಾತ್ರ ಮರೆಯುವುದಿಲ್ಲ. ದಿನಕ್ಕೆ ನಲವತ್ತು ಸಲ ಅದೇ ಪ್ರಶ್ನೆ, ಹಗಲೋ ರಾತ್ರಿಯೋ? ಪರದೆ ಸರಿಸಿ ಬಿಸಿಲು ತೋರಿಸಿದರೆ, "ಅದು ಗೋದಾಮಿನ ಫ್ಲಡ್‌ಲೈಟು. ನಂಗೇ ಹೇಳ್ಕೊಡ್ತೀಯಾ?" ಎನ್ನುತ್ತಾನೆ. ಎರಡು ಸಲ ಮಟಮಟ ಮಧ್ಯಾಹ್ನ ಟಾರ್ಚು, ಕೋಲು ಹಿಡಿದು ಹೊರಟುಹೋಗಿದ್ದ. ಎರಡನೇ ಸಲ ಲಾರಿಯೊಂದು ಕೂದಲೆಳೆಯಷ್ಟರಲ್ಲಿ ತಪ್ಪಿತು. ಬೀಗ ಹಾಕಿ ಹೋದರೆ ಕಳ್ಳರು ಕೂಡಿಹಾಕಿದ್ದಾರೆಂದು ಬಾಗಿಲು ಒದೆಯುತ್ತಾನೆ.

ಅಣ್ಣ ಬಂದವನು ಮುಲಾಜಿಲ್ಲದೆ ಹೇಳಿದ, "ಇನ್ನೊಂದ್ಸಲ ಹೊರಗೆ ಹೋದ್ರೆ ವೃದ್ಧಾಶ್ರಮಕ್ಕೆ ಸೇರಿಸೋದೇ. ಮಾತಾಡಿ ಇಟ್ಟಿದ್ದೀನಿ. ಪ್ರತಿ ಭಾನುವಾರ ಬಂದು ಕೇಳ್ತೀನಿ, ಸುಳ್ಳು ಹೇಳ್ಬೇಡ." ವಾಚು ತಂದದ್ದು ಅದಕ್ಕೇ. ಕೈ ನೋಡಿಕೊಂಡು ಹಗಲೆಂದು ತಿಳಿದರೆ ಮಲಗಿರುತ್ತಾನೆ ಎಂಬ ಆಸೆ.

ಮಾರನೇ ದಿನವೇ ಲಾಂಡ್ರಿಗೆ ಫೋನು ಬಂತು. ಕೆಳಗಿನ ಮನೆಯ ಟೈಲರಮ್ಮ. "ಬೇಗ ಬಾರೇ, ನಿಮ್ಮಪ್ಪ ಬಸ್ ಸ್ಟಾಪಲ್ಲಿ ಟಾರ್ಚ್ ಹಚ್ಕೊಂಡು ನಿಂತಿದ್ದಾರೆ!" ಓಡಿದೆ. ಹನ್ನೆರಡು ಗಂಟೆಯ ಬಿಸಿಲಲ್ಲಿ ಅಪ್ಪ ಬಸ್ಸಿಗೆ ಕಾದವರ ಮುಖಕ್ಕೆಲ್ಲ ಟಾರ್ಚು ಬಿಡುತ್ತಿದ್ದ. ನನ್ನನ್ನು ಕಂಡದ್ದೇ ಕೈ ಎತ್ತಿ ತೋರಿಸಿದ. "ನೋಡು, ಚಂದ್ರ ಬಂದಾಯ್ತು. ಡ್ಯೂಟಿಗೆ ಲೇಟಾಯ್ತು." ಅಣ್ಣನಿಗೆ ಹೇಳಬೇಡಿ ಎಂದು ಟೈಲರಮ್ಮನಿಗೆ ಕೈ ಮುಗಿದೆ.

ಸಂಜೆ ಅಂಗಡಿಗೆ ಹೋಗಿ ಬಾಯಿಗೆ ಬಂದಂತೆ ಬೈದೆ. ವಾಚಿನವನು ಎಲ್ಲ ಕೇಳಿಸಿಕೊಂಡು, ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ಹೇಳಿದ, "ಇದು ಹಗಲು ರಾತ್ರಿ ತೋರ್ಸಲ್ಲಮ್ಮ. ಹುಣ್ಣಿಮೆ, ಅಮಾವಾಸ್ಯೆ ತೋರ್ಸುತ್ತೆ. ಚಂದ್ರ ಎಷ್ಟು ಬೆಳೆದಿದ್ದಾನೆ ಅಂತ."

"ನಮ್ಮನೇಲಿ ಅದನ್ನ ಯಾರು ಕೇಳಿದ್ರು?"

"ನೀವೇ ತಾನೇ ಆರಿಸ್ಕೊಂಡಿದ್ದು?"

ಮಾತು ಸರಿಯಾಗಿತ್ತು. ಅಪ್ಪನ ಕೈ ಅಳತೆಗೆ ಪಟ್ಟಿ ಕತ್ತರಿಸಿದ್ದರಿಂದ ವಾಪಸ್ಸು ತೆಗೆದುಕೊಳ್ಳುವಂತಿಲ್ಲ ಎಂದ. ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತೆ. ಸುಸ್ತಿನಲ್ಲಿ ಅಳುವುದಕ್ಕೂ ಬೇಜಾರು. "ಹೋಗ್ಲಿ, ಈ ಚಂದ್ರನ್ನ ಇಲ್ಲದ ಹಾಗೆ ಮಾಡೋಕಾಗುತ್ತಾ?" ಎಂದು ಕೇಳಿದೆ.

"ಎಲ್ರೂ ಚಂದ್ರನ್ನ ಸರಿಯಾಗಿ ಕೂರಿಸಿಕೊಡಿ ಅಂತ ಬರ್ತಾರೆ, ಓಡಿಸಿಕೊಡಿ ಅಂತ ಬಂದವರು ನೀವೊಬ್ರೇ," ಎಂದು ನಕ್ಕು ಕಲಿಸಿಕೊಟ್ಟ. ಬದಿಯ ಪುಟ್ಟ ಕೀಯನ್ನು ಒಂದೇ ಒಂದು ಟಕ್ ಹೊರಗೆಳೆಯಬೇಕು. ಆಚೆ ತಿರುಗಿಸಿದರೆ ತಾರೀಖು, ಈಚೆ ತಿರುಗಿಸಿದರೆ ಚಂದ್ರ. ಒಂದು ಸಲಕ್ಕೆ ಒಂದು ದಿನ. ಹಿಂದಕ್ಕೆ ಹೋಗುವುದಿಲ್ಲ, ಎಳೆಚಂದ್ರ ಇಣುಕಿದರೆ ಬೆಳೆಸಿ, ಹುಣ್ಣಿಮೆ ಮಾಡಿ, ಕರಗಿಸಿಯೇ ಕಳಿಸಬೇಕು. ರಾತ್ರಿ ಒಂಬತ್ತರಿಂದ ಮೂರರವರೆಗೆ ಮುಟ್ಟಬಾರದು, ಒಳಗಿನ ಚಕ್ರದ ಹಲ್ಲು ಮುರಿಯುತ್ತದೆ. ಕೆಲಸ ಮುಗಿದ ಮೇಲೆ ಕೀ ಒಳಗೆ ಒತ್ತಬೇಕು, ಮರೆಯಬಾರದು.

ಅಂದಿನಿಂದ ನನಗೊಂದು ಹೊಸ ಡ್ಯೂಟಿ. ಅಮಾವಾಸ್ಯೆಗೆ ತಂದಿಟ್ಟರೆ ಎರಡು ಮೂರು ದಿನ ಕಿಟಕಿ ಖಾಲಿ, ನಾಲ್ಕನೇ ದಿನ ಚಂದ್ರ ಇಣುಕುತ್ತಾನೆ. ಹಾಗಾಗಿ ಮೂರು ದಿನಕ್ಕೊಮ್ಮೆ ಬೆಳಗ್ಗೆ ಆರಕ್ಕೆ, ಅಪ್ಪ ಮಲಗಿರುವಾಗ, ತಲೆದಿಂಬಿನ ಪಕ್ಕ ಬಿಚ್ಚಿಟ್ಟ ವಾಚನ್ನು ಎತ್ತಿಕೊಂಡು ಇಪ್ಪತ್ತೈದು, ಇಪ್ಪತ್ತಾರು ಸಲ ತಿರುಗಿಸುತ್ತಿದ್ದೆ. ಉಪಾಯ ಫಲಿಸಿತು. ಅಪ್ಪ ಕೈ ನೋಡಿಕೊಂಡು, "ಚಂದ್ರ ಇಲ್ಲ, ಪಾಳಿ ಮುಗೀತು," ಎಂದು ಮಗ್ಗಲು ಬದಲಿಸುತ್ತಿದ್ದ. ಐದು ಭಾನುವಾರ ಅಣ್ಣ ಬಂದು ಕೇಳಿ, ಸುಮ್ಮನೆ ಹೋದ.

ಆದರೆ ಹೊರಗೆ ಹೋಗುವುದೊಂದು ನಿಂತರೆ ಎಲ್ಲ ನಿಂತಂತೆಯೇ? ಸ್ನಾನ ಮಾಡಿಸುವುದು, ಒದ್ದೆ ಹಾಸಿಗೆ ಬದಲಿಸುವುದು, ಅದೇ ಪ್ರಶ್ನೆಗೆ ಅದೇ ಉತ್ತರ. ಅಲ್ಲೂ ಬೆಡ್‌ಶೀಟು, ಇಲ್ಲೂ ಬೆಡ್‌ಶೀಟು. ಆರನೇ ವಾರ ಲಾಂಡ್ರಿಯಲ್ಲಿ ಇಬ್ಬರು ರಜೆ ಹಾಕಿ, ಅವರ ಕೆಲಸವೂ ನನ್ನ ತಲೆಗೇ ಬಂತು. ಶನಿವಾರ ಬೆಳಗ್ಗೆ ವಾಚು ಎತ್ತಿಕೊಂಡೆ. ತಿರುಗಿಸುವ ದಿನ. ಕೀ ಹೊರಗೆಳೆದೆ. ಅಪ್ಪನ ಮುಖ ನೋಡಿದೆ. ಕೀಯನ್ನು ಒಳಗೊತ್ತಿ, ತಿರುಗಿಸದೆಯೇ ಇಟ್ಟುಬಿಟ್ಟೆ.

ಮರೆತೆ ಎಂದು ಯಾರಿಗಾದರೂ ಹೇಳಬಹುದು. ನಾನು ಮರೆಯಲಿಲ್ಲ. ಚಂದ್ರ ಬರಲಿ, ಇವನು ಹೋಗಲಿ, ಯಾರಾದರೂ ಹಿಡಿದು ತರಲಿ, ಅಣ್ಣ ಕರೆದುಕೊಂಡು ಹೋಗಲಿ, ನಾನು ಒಂದು ರಾತ್ರಿ ನಿದ್ದೆ ಮಾಡುತ್ತೇನೆ. ಇಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಭಾನುವಾರ ಮಧ್ಯಾಹ್ನ ಚಿಲಕವನ್ನೂ ಹಾಕದೆ ಚಾಪೆಯ ಮೇಲೆ ಬಿದ್ದುಕೊಂಡೆ.

"ಅಪ್ಪ ಎಲ್ಲಿ?"

ಅಣ್ಣನ ದನಿ ಮೆಟ್ಟಿಲಿನಿಂದಲೇ ಕೇಳಿತು. ಎದ್ದು ಕೂತೆ. ಗೋಡೆ ಗಡಿಯಾರದಲ್ಲಿ ನಾಲ್ಕೂಕಾಲು. ಮಂಚ ಖಾಲಿ. ಲಾರಿ ನೆನಪಾಯಿತು. ಅಯ್ಯೋ, ಏನು ಮಾಡಿಬಿಟ್ಟೆ!

"ಶ್! ಮೆಲ್ಲಗೆ ಮಾತಾಡೋ."

ಅಪ್ಪ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು, ಕೋಲನ್ನು ತೊಡೆಯ ಮೇಲಿಟ್ಟು ಕೂತಿದ್ದ. ಅಣ್ಣನನ್ನು ಒಳಗೇ ಬಿಟ್ಟಿರಲಿಲ್ಲ. "ಮಗು ಮಲಗಿದೆ," ಎಂದು ಅವನಿಗೆ ಹೇಳುತ್ತಿದ್ದ. ಓಡಿಹೋಗಿ ಅಪ್ಪನ ಕೈ ಹಿಡಿದು ನೋಡಿದೆ. ಕಿಟಕಿಯಲ್ಲಿ ಚಂದ್ರ ಇರಲಿಲ್ಲ.

"ಯಾರಪ್ಪ ತಿರುಗಿಸಿದ್ದು?"

"ನಾನೇ. ಬೆಳಗ್ಗೆಯಿಂದ ಚಂದ್ರ ಇಣುಕ್ತಿದ್ದ. ನೀನು ತಿರುಗಿಸೋದು ಮರ್ತಿದ್ದೆ. ಕೈ ಸೋತಿರುತ್ತೆ, ಪಾಪ."

"ನಿಂಗೆ... ಗೊತ್ತಿತ್ತಾ?"

"ಮೂವತ್ತನಾಲ್ಕು ವರ್ಷ ಕಾವಲು ಕಾದಿದ್ದೀನಿ ಕಣಮ್ಮ. ಬೆಳಬೆಳಗ್ಗೆ ಮನೇಲಿ ಯಾರು ಏನು ಮುಟ್ತಾರೆ ಅಂತ ತಿಳಿಯಲ್ವಾ?" ಆಮೇಲೆ ಕೊಂಚ ಸಿಟ್ಟಿನಿಂದ, "ಚಿಲಕ ಹಾಕೋದೂ ಮರ್ತಿದ್ದೀಯ. ತೆಗೆದ ಬಾಗಿಲಲ್ಲಿ ನಿನ್ನೊಬ್ಳನ್ನೇ ಬಿಟ್ಟು ನಾನು ಡ್ಯೂಟಿಗೆ ಹೋಗೋದು ಹೇಗೆ?" ಎಂದ.

ಆ ನಡುಗುವ ಬೆರಳುಗಳಲ್ಲಿ ಇಪ್ಪತ್ತೈದು ಸಲ. ಮಧ್ಯದಲ್ಲಿ ಪೂರ್ಣಚಂದ್ರ ಕಿಟಕಿ ತುಂಬ ಬಂದು ನಿಂತಿರುತ್ತಾನೆ. ಆಗಲೂ ಅಪ್ಪ ಎದ್ದು ಹೊರಟಿರಲಿಲ್ಲ, ತಿರುಗಿಸುತ್ತಲೇ ಇದ್ದ.

"ಈ ವಾರ ಹೊರಗೆ ಹೋಗಿದ್ನಾ?" ಅಣ್ಣ ಹೊಸ್ತಿಲಾಚೆಯಿಂದಲೇ ಕೇಳಿದ.

"ಇಲ್ಲ," ಎಂದೆ.

ನಾನು ಮರೆತಿರಲಿಲ್ಲ ಅಪ್ಪ, ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಕೀ ಒಳಗೊತ್ತುವುದೊಂದನ್ನು ಅವನು ಮರೆತಿದ್ದ. ಅವನ ಪಕ್ಕದಲ್ಲಿ ನೆಲದ ಮೇಲೆ ಕೂತು, ಅದನ್ನು ಟಕ್ಕೆಂದು ಒತ್ತಿದೆ.