ಮುಟ್ಟಿದ್ದು ಗೊತ್ತಾತೇನು?

ನಾನು ಒಂದು ಸುತ್ತಿಗೆ. ಮೊಳೆ ಹೊಡೆಯುವ ಸುತ್ತಿಗೆಯಲ್ಲ, ಮನುಷ್ಯರ ಮೊಣಕಾಲು ತಟ್ಟುವ ಸುತ್ತಿಗೆ. ಉದ್ದ ಒಂದು ಗೇಣು. ತಲೆ ರಬ್ಬರಿನದು, ಹಿಡಿಕೆ ಉಕ್ಕಿನದು. ತಲೆಯ ತಿರುಪು ಬಿಚ್ಚಿದರೆ ಒಂದು ಸೂಜಿ ಬರುತ್ತದೆ, ಹಿಡಿಕೆಯ ತುದಿ ಬಿಚ್ಚಿದರೆ ಒಂದು ಪುಟ್ಟ ಕುಂಚ. ಉತ್ತರದ ಯಾವುದೋ ಊರಿನ ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ಅಲ್ಲಿ ನನಗೆ ಹೊಳಪು ಕೊಟ್ಟ ಹೆಂಗಸು ತನ್ನ ಅಂಗೈ ಮೇಲೆ ನನ್ನನ್ನು ಎರಡು ಸಲ ತಟ್ಟಿ ನೋಡಿ ಪೆಟ್ಟಿಗೆಗೆ ಹಾಕಿದಳು. ನಾನು ಮುಟ್ಟಿದ ಮೊದಲ ಮೈ ಅವಳದು. ಅವಳ ಹೆಸರು ನನಗೆ ಗೊತ್ತಿಲ್ಲ.

ಹುಬ್ಬಳ್ಳಿಯ ಒಂದು ಅಂಗಡಿಯಿಂದ ನನ್ನನ್ನು ಕೊಂಡವರು ನಿರ್ಮಲಾ ಅಣ್ಣಿಗೇರಿ. ಆಗ ಅವರು ಡಾಕ್ಟರ್ ಆಗಿರಲಿಲ್ಲ, ಓದುತ್ತಿದ್ದರು. ಮನೆಗೆ ಹೋದ ದಿನವೇ, ಹೊಲಿಗೆ ಕೆಲಸ ಬಿಟ್ಟು ಎದ್ದು ಬಂದ ಅಪ್ಪನನ್ನು ಮಂಚದ ಅಂಚಿಗೆ ಕೂರಿಸಿ, ಕಾಲು ಇಳಿಬಿಡಲು ಹೇಳಿ, ಮೊಣಕಾಲ ಚಿಪ್ಪಿನ ಕೆಳಗೆ ನನ್ನಿಂದ ತಟ್ಟಿದರು. ಕಾಲು ಟಣ್ಣನೆ ಮೇಲೆದ್ದಿತು.

"ಏ ನಿಮ್ಮಿ, ನಾ ಎತ್ತಲಿಲ್ಲವಾ! ಅದ ಎದ್ದತು!" ಎಂದು ಅಪ್ಪ ಗಾಬರಿಯಾದರು.

"ಅದ ಏಳಬೇಕಪ್ಪಾ. ತಲಿಗೆ ಸುದ್ದಿ ಮುಟ್ಟೂದರಾಗ ಬೆನ್ನುಹುರಿನೇ ಹುಕುಂ ಕೊಟ್ಟಿರತೈತಿ" ಎಂದು ಮಗಳು ನಕ್ಕರು. ಅಪ್ಪ ಆವತ್ತು ಇನ್ನೂ ನಾಲ್ಕು ಸಲ ತಟ್ಟಿಸಿಕೊಂಡರು.

ಮುಂದೆ ಅವರಿಗೆ ಗದಗಿನ ಕಡೆಯ ಒಂದು ತಾಲೂಕಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅವರ ಬಿಳಿ ಕೋಟಿನ ಬಲಜೇಬು ನನ್ನ ಮನೆಯಾಯಿತು. ಜೇಬಿನಿಂದ ಹೊರಬಂದಾಗಲೆಲ್ಲ ನಾನು ಕಂಡಿದ್ದು ಕಾಲುಗಳನ್ನು, ಕೈಗಳನ್ನು. ಒಡೆದ ಹಿಮ್ಮಡಿ, ಅರಿಸಿನ ಮೆತ್ತಿದ ಬೆರಳು, ನಡುಗುವ ಅಂಗೈ. ಮುಖಗಳನ್ನು ನಾನು ಯಾವಾಗಲೂ ಕೆಳಗಿನಿಂದಲೇ ನೋಡಿದ್ದು.

ಒಂದು ದಿನ ನೀಲವ್ವ ಬಂದಳು. ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು, ನಲವತ್ತರ ಹತ್ತಿರದ ಹೆಂಗಸು. ಎಡಗೈ ಕಿರುಬೆರಳಿನ ಗುಳ್ಳೆ ಒಡೆದು ಹುಣ್ಣಾಗಿತ್ತು, ಮೂರು ವಾರವಾದರೂ ಮಾಯ್ದಿರಲಿಲ್ಲ.

"ಹೆಂಗ ಸುಟ್ಕೊಂಡಿ?" ಎಂದು ಡಾಕ್ಟರ್ ಕೇಳಿದರು.

"ಹಂಚಿನ ಮ್ಯಾಲ ಬರಿಗೈಲೇ ರೊಟ್ಟಿ ತಿರವತೀನ್ರಿ ಬಾಯಾರ. ನನಗ ಬೆಂಕಿ ಏನೂ ಮಾಡಂಗಿಲ್ಲ. ಉಣ್ಣಾಕ ಬಂದ ಮಂದಿ ಒಳಗ ಬಂದು ನೋಡಿ ಹೋಗತಾರ" ಎಂದಳು. ಅವಳ ದನಿಯಲ್ಲಿ ಹೆಮ್ಮೆಯಿತ್ತು.

ಡಾಕ್ಟರ್ ನಗಲಿಲ್ಲ. ಅವಳ ಸೆರಗು ಸರಿಸಿ ತೋಳು ನೋಡಿದರು. ಅಲ್ಲೊಂದು ಮಾಸಿದ ಬಣ್ಣದ ಮಚ್ಚೆಯಿತ್ತು. ಮೊಣಕೈಯ ಹಿಂದೆ ಬೆರಳಾಡಿಸಿದರು. ಅಲ್ಲಿಯ ನರ ಹಗ್ಗದಂತೆ ದಪ್ಪಗಾಗಿತ್ತು. ಆಮೇಲೆ ನನ್ನ ಕುಂಚವನ್ನು ಬಿಚ್ಚಿದರು.

"ಕಣ್ಣ ಮುಚ್ಚು ನೀಲವ್ವ. ನಾ ಎಲ್ಲಿ ಮುಟ್ಟತೀನಿ, ಅಲ್ಲಿ ಬಲಗೈ ಬಟ್ಟ ಇಟ್ಟು ತೋರಸು."

ಹೆಬ್ಬೆರಳು ಮುಟ್ಟಿದೆ, ತೋರಿಸಿದಳು. ತೋರುಬೆರಳು ಮುಟ್ಟಿದೆ, ತೋರಿಸಿದಳು. ಉಂಗುರದ ಬೆರಳು ಮುಟ್ಟಿದೆ. ಅವಳು ಸುಮ್ಮನೆ ಕಾಯುತ್ತಿದ್ದಳು. ಕಿರುಬೆರಳು ಮುಟ್ಟಿದೆ. ಆಗಲೂ ಕಾಯುತ್ತಿದ್ದಳು. ಡಾಕ್ಟರ್ ಸೂಜಿ ಚುಚ್ಚುವುದಾಗಿ ಹೇಳಿ, ನನ್ನ ಸೂಜಿ ತೆಗೆದು ಕಿರುಬೆರಳಿಗೆ ಚುಚ್ಚಿದರು.

"ಸೂಜಿ ಯಾವಾಗ ಚುಚ್ಚತೀರಿ ಬಾಯಾರ? ನನಗ ಅಂಜಿಕಿ ಬರಾಕ ಹತ್ತೇತಿ."

"ಚುಚ್ಚಿ ಆತು" ಎಂದರು ಡಾಕ್ಟರ್.

ನೀಲವ್ವ ಕಣ್ಣು ಬಿಟ್ಟು ಬೆರಳ ಮೇಲಿದ್ದ ಕೆಂಪು ಹನಿಯನ್ನು ನೋಡಿದಳು. ಅದು ಬೇರೆ ಯಾರದೋ ಬೆರಳು ಎಂಬಂತೆ ನೋಡಿದಳು. ಡಾಕ್ಟರ್ ಬಾಗಿಲು ಹಾಕಿ ಬಂದು ರೋಗದ ಹೆಸರು ಹೇಳಿದರು. ಕುಷ್ಠ. ಗುಳಿಗೆಯಿಂದ ವಾಸಿಯಾಗುತ್ತದೆ, ಗುಳಿಗೆ ಶುರುವಾದ ಮೇಲೆ ಇನ್ನೊಬ್ಬರಿಗೆ ಹತ್ತುವುದಿಲ್ಲ ಎಂದೂ ಹೇಳಿದರು. ಆ ಮಾತು ಅವಳ ಕಿವಿಗೆ ಬೀಳಲಿಲ್ಲ.

"ನನ್ನ ಕೈಯಾಗಿನ ರೊಟ್ಟಿ ಇನ್ಯಾರು ತಿಂತಾರ್ರಿ?" ಎಂದು ಎದ್ದು, ಗುಳಿಗೆ ತೆಗೆದುಕೊಳ್ಳದೆ ಹೋಗಿಬಿಟ್ಟಳು.

ಹತ್ತು ದಿನ ಅವಳು ಬರಲಿಲ್ಲ. ಹನ್ನೊಂದನೆಯ ದಿನ ಮಧ್ಯಾಹ್ನ ಡಾಕ್ಟರ್ ಕೋಟು ಬಿಚ್ಚದೆ ಖಾನಾವಳಿಗೆ ನಡೆದರು. ನಾನೂ ಜೇಬಿನಲ್ಲಿದ್ದೆ. ಎರಡು ರೊಟ್ಟಿ, ಎಣ್ಣೆಗಾಯಿ ಹಾಕಿಸಿಕೊಂಡರು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನೀಲವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಡಾಕ್ಟರ್ ಎರಡೂ ರೊಟ್ಟಿ ತಿಂದು ಇನ್ನೊಂದು ಕೇಳಿದರು. ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ, ಯಾರಿಗೂ ಕೇಳಿಸದಂತೆ ಹೇಳಿದರು: "ನಾ ಉಂಡೆ ನೋಡು, ರೊಟ್ಟಿಲೇ ಇದು ಹತ್ತಂಗಿಲ್ಲ. ನಾಳೆ ಬಂದು ಗುಳಿಗಿ ಒಯ್ಯಿ. ತಡಾ ಮಾಡಿದಿ ಅಂದ್ರ ಕೈಬಟ್ಟ ಮಡಚಿಕೊಂಡು ಬಿಡತಾವ."

ನೀಲವ್ವ ಸೆರಗಿನಿಂದ ಮುಖ ಒತ್ತಿಕೊಂಡಳು. ಮರುದಿನ ಆಸ್ಪತ್ರೆಯ ಬಾಗಿಲು ತೆರೆಯುವ ಮೊದಲೇ ಬಂದು ನಿಂತಿದ್ದಳು.

ಒಂದು ವರ್ಷ ಗುಳಿಗೆ ನುಂಗಿದಳು. ರೊಟ್ಟಿ ತಿರುವಲು ಅರಿವೆ ಹಿಡಿಯುವುದನ್ನು ಡಾಕ್ಟರ್ ಕಲಿಸಿದರು. ಎಂಟನೆಯ ತಿಂಗಳ ಒಂದು ತಪಾಸಣೆಯಲ್ಲಿ, ಅವಳು ಕಣ್ಣು ಮುಚ್ಚಿ ಕೂತಿದ್ದಾಗ, ಕುದಿಸಿ ಒರೆಸಿದ ನನ್ನ ಸೂಜಿ ಅವಳ ಉಂಗುರದ ಬೆರಳಿಗೆ ತಾಗಿತು.

"ಹಾಯ್ ಯವ್ವಾ!" ಎಂದು ಕೈ ಎಳೆದುಕೊಂಡಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. "ಇನ್ನೊಮ್ಮೆ ಚುಚ್ರಿ ಬಾಯಾರ" ಎಂದಳು ನೀಲವ್ವ. ಎಷ್ಟೋ ಜನ ನನ್ನ ಸೂಜಿಗೆ ಬೈದಿದ್ದಾರೆ. ನೋವಾಯಿತೆಂದು ಅಷ್ಟು ಸಂತೋಷಪಟ್ಟವಳು ಅವಳೊಬ್ಬಳೇ. ಕಿರುಬೆರಳಿಗೆ ಮಾತ್ರ ಸ್ಪರ್ಶ ಕೊನೆಗೂ ತಿರುಗಿ ಬರಲಿಲ್ಲ.

ವರ್ಷಗಳು ಕಳೆದವು. ಡಾಕ್ಟರ್ ನಿವೃತ್ತರಾಗುವ ದಿನ ನನ್ನನ್ನು ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ದಾದಾಪೀರನ ಕೈಗೆ ಕೊಟ್ಟರು. ಹತ್ತು ವರ್ಷ ಅವರ ಜೊತೆ ಕೆಲಸ ಮಾಡಿದವನು ಅವನು. ಒಳ್ಳೆಯ ಕೈ. ತಟ್ಟುವ ಮೊದಲು ರೋಗಿಯನ್ನು ಮಾತಿಗೆಳೆದು ಕಾಲು ಸಡಿಲಾಗುವಂತೆ ಮಾಡುತ್ತಿದ್ದ.

ನಾಲ್ಕು ವರ್ಷದ ಹಿಂದೆ ಅವನು ನನ್ನನ್ನು ಜೇಬಿನಲ್ಲಿಟ್ಟುಕೊಂಡು ಡಾಕ್ಟರ್ ಮನೆಗೆ ಹೋದ. ಅವರಿಗೆ ಸಕ್ಕರೆ ಕಾಯಿಲೆ ಬಂದು ಬಹಳ ದಿನವಾಗಿತ್ತು. ಬಾಗಿಲಿಗೆ ಬಂದವರ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕಾಲಿನಿಂದ ಕಳಚಿ ಬಿದ್ದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ದಾದಾಪೀರ ಅದನ್ನು ನೋಡಿದ.

"ಕುಂದರ್ರಿ ಮೇಡಂ. ಕಣ್ಣ ಮುಚ್ರಿ" ಎಂದ.

"ನನಗ ಪರೀಕ್ಷಾ ಮಾಡತೀಯೇನು?" ಎಂದು ನಗುತ್ತ ಕೂತರು.

ಅವನು ನನ್ನ ಕುಂಚದಿಂದ ಅವರ ಹೆಬ್ಬೆರಳನ್ನು ಸವರಿ, "ಮುಟ್ಟಿದ್ದು ಗೊತ್ತಾತೇನ್ರಿ?" ಎಂದ. "ಹೂಂ" ಎಂದರು. ಅಂಗಾಲು ಸವರಿದ. "ಹೂಂ." ಆಮೇಲೆ ಅವನು ನನ್ನನ್ನು ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದ. ಎಲ್ಲೂ ಮುಟ್ಟಲಿಲ್ಲ.

"ಈಗ?"

"ಹೂಂ" ಎಂದರು ಡಾಕ್ಟರ್.

ಅವರು ಕಣ್ಣು ಬಿಟ್ಟರು. ನಾನು ಎಲ್ಲಿದ್ದೇನೆ ಎಂಬುದನ್ನು ನೋಡಿದರು. ಸಾವಿರಾರು ಜನರನ್ನು ಕೇಳಿದ ಪ್ರಶ್ನೆ ಅದು. ಯಾವಾಗ ಹೂಂ ಎನ್ನಬೇಕು ಎಂಬುದು ಅವರಿಗೆ ಬಾಯಿಪಾಠವಾಗಿತ್ತು.

"ಒಂದ ವರ್ಷ ಆತು ದಾದಾಪೀರ" ಎಂದರು ಮೆಲ್ಲಗೆ. "ಯಾರ ಮುಂದನೂ ಹೇಳಿಲ್ಲ."

ಅವನು ನೆಲದ ಮೇಲೆ ಕೂತು ಅವರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತಿರುವಿ ನೋಡಿದ. ಹಿಮ್ಮಡಿಯಲ್ಲಿ ಒಂದು ಜಾಲಿಮುಳ್ಳು ಮುರಿದು ಕೂತಿತ್ತು, ಸುತ್ತ ಕೀವಾಗಿತ್ತು. ಚಿಮಟಿ ತಂದು, ಉಸಿರು ಬಿಗಿಹಿಡಿದು ಎಳೆದ. ಡಾಕ್ಟರ್ ಅಲುಗಲಿಲ್ಲ. ಅವರು ಅವನ ಮುಖವನ್ನೇ ನೋಡುತ್ತಿದ್ದರು. ಹಲ್ಲು ಕಚ್ಚಿದವನು ಅವನು.

"ಭಾಳ ಬ್ಯಾನಿ ಆತೇನೋ?" ಎಂದು ಅವರೇ ಅವನನ್ನು ಕೇಳಿದರು. ಅವನು ಮೊಣಕೈಯಿಂದ ಕಣ್ಣೊರೆಸಿಕೊಂಡ.

ಗಾಯ ಮಾಯಲು ಎರಡು ತಿಂಗಳು ಬೇಕಾಯಿತು. ಕಾಲು ಉಳಿಯಿತು.

ಮುಳ್ಳು ತೆಗೆದ ದಿನವೇ ದಾದಾಪೀರ ನನ್ನನ್ನು ಅಲ್ಲೇ ಬಿಟ್ಟುಹೋದ. ನನ್ನ ರಬ್ಬರು ಗಡಸಾಗಿ ಬಿರುಕು ಬಿಟ್ಟಿದೆ, ಕುಂಚದ ಕೂದಲು ಬಹುಪಾಲು ಉದುರಿವೆ. ಆಸ್ಪತ್ರೆಗೆ ಹೊಸದು ಬಂದಿದೆ. ನಾನೀಗ ಡಾಕ್ಟರ್ ಮನೆಯ ಕಿಟಕಿಯ ಕಟ್ಟೆಯ ಮೇಲೆ, ಎಣ್ಣೆ ಬಾಟಲಿಯ ಪಕ್ಕದಲ್ಲಿ ಇರುತ್ತೇನೆ. ಮೈಯಲ್ಲಿ ನರ ಇದ್ದವರಿಗೆಲ್ಲ ಮುಟ್ಟಿದ್ದು ಗೊತ್ತಾಗುತ್ತದೆ, ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಗೊತ್ತಾಗದಿದ್ದಾಗ ಗೊತ್ತಾಗಲಿಲ್ಲ ಎನ್ನುವುದೇ ಕಷ್ಟ. ಅದಕ್ಕೆ ಎದುರಿಗೆ ನಂಬಿಕೆಯವರೊಬ್ಬರು ಇರಬೇಕು.

ಪ್ರತಿ ಭಾನುವಾರ ಬೆಳಿಗ್ಗೆ ದಾದಾಪೀರ ಬರುತ್ತಾನೆ. ಡಾಕ್ಟರ್ ಕಣ್ಣು ಮುಚ್ಚುತ್ತಾರೆ. ಅವನು ನನ್ನ ಉಳಿದ ನಾಲ್ಕು ಕೂದಲಿನಿಂದ ಅವರ ಅಂಗಾಲನ್ನು ಸವರಿ ಕೇಳುತ್ತಾನೆ.

"ಇಲ್ಲಪಾ, ಗೊತ್ತಾಗಲಿಲ್ಲ" ಎನ್ನುತ್ತಾರೆ ಅವರು.

ಅವನು ನನ್ನನ್ನು ಕೆಳಗಿಟ್ಟು, ಎರಡೂ ಕೈಯಿಂದ ಆ ಕಾಲನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿರುತ್ತಾನೆ.